ಎಮ್ಮೆಗೆ ಚುಚ್ಚಿದ ಇಂಜೆಕ್ಷನ್ ಎಲ್ಲಿಗೆಲ್ಲ ಹೋಗುತ್ತದೆ?

ಮಾಟುಂಗಾದ ಒಂದು ಹೋಟೆಲಿನ ಅಡುಗೆಮನೆಗೆ ನಾನು ಆಗಾಗ ಹೋಗುತ್ತೇನೆ. ಅಲ್ಲಿಯ ಭಟ್ರು ಕುಂದಾಪುರದ ಕಡೆಯವರು. ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಮೊಸರಿಗೆ ಹೆಪ್ಪು ಹಾಕುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಹೋದಾಗ ದೊಡ್ಡ ಸ್ಟೀಲ್ ಪಾತ್ರೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಸೌಟು ಹಾಕಿ ಎತ್ತಿ ತೋರಿಸಿದರು. ಮೇಲೆ ದಪ್ಪ ಕೆನೆ, ಕೆಳಗೆ ಬರೀ ಹಾಲು. ಹುಳಿಯ ವಾಸನೆ ಕೂಡ ಇಲ್ಲ.

“ಹೆಪ್ಪು ಸರಿ ಉಂಟು, ಬಿಸಿ ಸರಿ ಉಂಟು. ಪಕ್ಕದ ಪಾತ್ರೆ ನೋಡಿ, ಗಟ್ಟಿ ನಿಂತಿದೆ. ಅದು ಪ್ಯಾಕೆಟ್ ಹಾಲು. ಇದು ತಬೇಲದ್ದು. ಎಮ್ಮೆಗೆ ಏನೋ ಮದ್ದು ಕೊಟ್ಟಿದ್ದಾರೆ ಮಾರಾಯ್ರೆ.”

ತಬೇಲ ಅಂದರೆ ಮುಂಬಯಿಯಲ್ಲಿ ಹಾಲಿಗಾಗಿ ಎಮ್ಮೆ ಸಾಕುವ ಕೊಟ್ಟಿಗೆ. ಭಟ್ರು ಓದಿದ್ದು ಏಳನೇ ಕ್ಲಾಸು. ಆದರೆ ಅವರ ಅನುಮಾನದ ಹಿಂದೆ ಪಕ್ಕಾ ವಿಜ್ಞಾನ ಇದೆ. ಹಾಲು ಮೊಸರಾಗುವುದು ಬ್ಯಾಕ್ಟೀರಿಯಾಗಳಿಂದ. ಹಾಲಿನಲ್ಲಿ ಆಂಟಿಬಯಾಟಿಕ್ ಉಳಿದಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾಗಳೂ ಬೆಳೆಯುವುದಿಲ್ಲ. ಡೈರಿಗಳ ಲ್ಯಾಬಿನಲ್ಲಿ ಮಾಡುವ ಒಂದು ಜಾತಿಯ ಪರೀಕ್ಷೆಯೂ ಇದೇ ಲೆಕ್ಕದ್ದು: ಹಾಲಿಗೆ ಬ್ಯಾಕ್ಟೀರಿಯಾ ಹಾಕಿ, ಬೆಳೆಯುತ್ತದೋ ಇಲ್ಲವೋ ನೋಡುವುದು. ಮೊಸರು ಕೆಡಲು ಬೇರೆ ಕಾರಣಗಳೂ ಇರುತ್ತವೆ, ಮಳೆಗಾಲದ ಥಂಡಿಯೂ ಒಂದು. ಆದರೆ ಒಂದೇ ಹೆಪ್ಪು, ಒಂದೇ ಅಡುಗೆಮನೆ, ಒಂದು ಪಾತ್ರೆ ಗಟ್ಟಿ, ಇನ್ನೊಂದು ನೀರು ಅಂದರೆ ಹಾಲಿನ ಮೇಲೆ ಅನುಮಾನ ಬರುವುದು ಸಹಜ, ಅಲ್ವಾ?

ಈಗ ಕಾನೂನು ಏನು ಹೇಳುತ್ತದೆ ನೋಡಿ. ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳ ಔಷಧದ ಲೇಬಲ್ ಮೇಲೆ, ಕೊನೆಯ ಡೋಸ್ ಕೊಟ್ಟ ಮೇಲೆ ಎಷ್ಟು ದಿನ ಅವುಗಳ ಹಾಲು, ಮೊಟ್ಟೆ, ಮಾಂಸವನ್ನು ಬಳಸಬಾರದು ಎಂದು ಬರೆದಿರಬೇಕು. 2012ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತಂದ ನಿಯಮ ಇದು. ಆ ಔಷಧಕ್ಕೆಂದೇ ದಿನ ಗೊತ್ತುಮಾಡಿಲ್ಲದಿದ್ದರೆ ಹಾಲು-ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ, ಕುರಿ, ಎಮ್ಮೆಗಳ ಮಾಂಸಕ್ಕೆ ಕನಿಷ್ಠ 28 ದಿನ. ಓದಲು ಚೆನ್ನಾಗಿದೆ.

ತಬೇಲದವನ ಲೆಕ್ಕ ಹಾಕೋಣ. ಒಂದು ಎಮ್ಮೆಗೆ ಕೆಚ್ಚಲು ಬಾವು ಬಂತು. ಆಂಟಿಬಯಾಟಿಕ್ ಕೊಡಲೇಬೇಕು, ಕೊಡದಿದ್ದರೆ ಆ ಮೊಲೆಯೇ ಹೋಗುತ್ತದೆ. ಎಮ್ಮೆ ದಿನಕ್ಕೆ 8 ಲೀಟರ್ ಕೊಡುತ್ತದೆ ಅಂದುಕೊಳ್ಳಿ, ಲೀಟರಿಗೆ 80 ರೂಪಾಯಿ. ಏಳು ದಿನದ ಹಾಲು ಗಟಾರಕ್ಕೆ ಚೆಲ್ಲಿದರೆ 4,480 ರೂಪಾಯಿ ಹೋಯಿತು. ಮದ್ದು ಕೊಡುತ್ತಿದ್ದ ದಿನಗಳ ಹಾಲು ಬೇರೆ. ಮೇವು, ಹಿಂಡಿ, ಆಳಿನ ಸಂಬಳ ಮಾತ್ರ ನಿಲ್ಲುವುದಿಲ್ಲ. ಮೂವತ್ತು ಎಮ್ಮೆ ಇರುವ ಕಡೆ ಒಂದಲ್ಲ ಒಂದಕ್ಕೆ ಯಾವಾಗಲೂ ಏನೋ ಕಾಯಿಲೆ. ಆ ಒಂದು ಎಮ್ಮೆಯ ಹಾಲನ್ನು ಬೇರೆ ಕ್ಯಾನಿಗೆ ಹಾಕು ಅಂತ ಹೇಳುವವರು ಬೆಳಗಿನ ಜಾವ ಮೂರು ಗಂಟೆಗೆ ಯಾರೂ ಅಲ್ಲಿರುವುದಿಲ್ಲ. ಎಲ್ಲ ಒಂದೇ ಕ್ಯಾನಿಗೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಮದ್ದಿನ ಬಹುಪಾಲು ಹಾಗೇ ಉಳಿಯುತ್ತದೆ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ಉದ್ದಕ್ಕೂ 6,432 ಹಾಲಿನ ಸ್ಯಾಂಪಲ್ ತೆಗೆದು ನೋಡಿತು. ಆಂಟಿಬಯಾಟಿಕ್ ಮಿತಿ ಮೀರಿದ್ದು 77ರಲ್ಲಿ. ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ನಾವು ಹಾಲು ಅಂದ ತಕ್ಷಣ ಯೂರಿಯಾ, ಡಿಟರ್ಜೆಂಟ್ ಅಂತ ಕೂಗುತ್ತೇವೆ. ಟಿವಿಯವರೂ ಅದನ್ನೇ ತೋರಿಸುತ್ತಾರೆ. ಅದಕ್ಕಿಂತ ಜಾಸ್ತಿ ಸಿಕ್ಕಿದ್ದು ತಬೇಲದ ಮದ್ದು, ಮತ್ತು 368 ಸ್ಯಾಂಪಲ್‌ಗಳಲ್ಲಿ ಬೂಸ್ಟು ಹಿಡಿದ ಮೇವಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ. ಎರಡೂ ಎಮ್ಮೆಯ ಹೊಟ್ಟೆಯ ಕಡೆಯಿಂದ ಬಂದವು. ದಾಳಿ ಮಾತ್ರ ಹಾಲಿನವನ ಕ್ಯಾನಿನ ಮೇಲೆ.

ಇದು ಯಾರ ಕೆಲಸ ಅಂತ ಕೇಳಿದರೆ ಉತ್ತರ ಒಂದೇ ಬಾಯಲ್ಲಿ ಬರುವುದಿಲ್ಲ. ಪ್ರಾಣಿಗಳ ರೋಗ ತಡೆಯುವುದು, ಪಶುವೈದ್ಯರ ವೃತ್ತಿ, ಇವು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಔಷಧ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಎಮ್ಮೆಯ ಮದ್ದಿಗೂ ನಮ್ಮ ಮದ್ದಿಗೂ ಒಂದೇ ಕಾಯ್ದೆ, 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ. ಒಂದು ಮದ್ದು ಪ್ರಾಣಿಗೆ ಬೇಡ ಅಂತ ದೇಶಕ್ಕೆಲ್ಲ ನಿಷೇಧ ಹಾಕುವ ಅಧಿಕಾರ ಆ ಕಾಯ್ದೆಯ 26ಎ ಕಲಂನಲ್ಲಿದೆ. ಅದನ್ನು ಬಳಸುವುದು ಆರೋಗ್ಯ ಸಚಿವಾಲಯ. ಪಶುಸಂಗೋಪನೆ ಇಲಾಖೆ ಶಿಫಾರಸು ಮಾಡಬಹುದು, ಅಷ್ಟೇ. ಹಾಲಿನಲ್ಲಿ ಮದ್ದು ಎಷ್ಟಿರಬಹುದು ಅಂತ ಹೇಳುವುದು ಇನ್ನೊಂದು ಕಾಯ್ದೆ, 2006ರ ಆಹಾರ ಸುರಕ್ಷತಾ ಕಾಯ್ದೆ. ಮಹಾರಾಷ್ಟ್ರದಲ್ಲಿ ಒಂದು ಅನುಕೂಲ ಇದೆ: ಆಹಾರ ಮತ್ತು ಔಷಧ ಎರಡನ್ನೂ ನೋಡಿಕೊಳ್ಳುವ ಆಡಳಿತ ಒಂದೇ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಒಂದೇ ಸೂರಿನಡಿ. ಮೆಡಿಕಲ್ ಅಂಗಡಿಯ ಬಿಲ್ಲೂ ಹಾಲಿನ ಸ್ಯಾಂಪಲ್ಲೂ ಒಂದೇ ಆಫೀಸಿಗೆ ಸಿಗಬಹುದಾದ ರಾಜ್ಯ ಇದು. ಆದರೂ ಅವೆರಡನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಪದ್ಧತಿ ಬಂದಿಲ್ಲ ಅನ್ನುವುದು ನನ್ನ ಅನಿಸಿಕೆ.

ನನಗೆ ಪರಿಚಯದ ಒಬ್ಬ ನಿವೃತ್ತ ಪಶುವೈದ್ಯರಿದ್ದಾರೆ, ಬಿಜಾಪುರದ ಕಡೆಯವರು. ಪರೇಲ್‌ನ ಪಶುವೈದ್ಯ ಕಾಲೇಜಿನಲ್ಲಿ ಓದಿದವರು. 1886ರಲ್ಲಿ ಶುರುವಾದ ಕಾಲೇಜು ಅದು. ಅವರನ್ನು ಕೇಳಿದೆ, ತಬೇಲದವರು ಡಾಕ್ಟರನ್ನು ಕರೆಯುವುದಿಲ್ಲವೇ ಅಂತ. ನಕ್ಕರು. “ಸರ, ಡಾಕ್ಟರ್‌ನ ಕರದ್ರ ಫೀ ಕೊಡಬೇಕು, ಹಾಲ್ ಚೆಲ್ಲು ಅಂತ ಬ್ಯಾರೆ ಹೇಳ್ತಾನ. ಮೆಡಿಕಲ್‌ಗೆ ಹೋದ್ರ ಸಲಹಾ ಪುಕ್ಕಟೆ, ಚೆಲ್ಲು ಅಂತ ಯಾರೂ ಹೇಳೂದಿಲ್ಲ.”

ಆಂಟಿಬಯಾಟಿಕ್‌ಗಳು ಚೀಟಿ ಇಲ್ಲದೆ ಮಾರಬಾರದ ಪಟ್ಟಿಯಲ್ಲಿವೆ. ಸೆಫ್ಟ್ರಿಯಾಕ್ಸೋನ್‌ನಂಥ ಬಲವಾದವು 2014ರ ಮಾರ್ಚ್‌ನಿಂದ ಇನ್ನೂ ಬಿಗಿಯಾದ ಎಚ್1 ಪಟ್ಟಿಯಲ್ಲಿವೆ. ಯಾರು ಬರೆದರು, ಯಾರು ಕೊಂಡರು ಅಂತ ಬೇರೆ ರಿಜಿಸ್ಟರ್ ಬರೆದು ಮೂರು ವರ್ಷ ಇಡಬೇಕು. ಈ ಸೆಫ್ಟ್ರಿಯಾಕ್ಸೋನ್ ಆಸ್ಪತ್ರೆಯಲ್ಲಿ ನಮಗೂ ಚುಚ್ಚುತ್ತಾರೆ, ತಬೇಲದಲ್ಲಿ ಕೆಚ್ಚಲು ಬಾವಿಗೂ ಚುಚ್ಚುತ್ತಾರೆ. ಅಲ್ಲಿ ಅರ್ಧಂಬರ್ಧ ಡೋಸ್ ಕೊಟ್ಟು ಬೆಳೆಸಿದ ಹಟಮಾರಿ ಬ್ಯಾಕ್ಟೀರಿಯಾ ಎಮ್ಮೆಯ ಮೈಮೇಲೆ ಕೂತಿರುವುದಿಲ್ಲ. ಸಗಣಿ, ಗಟಾರ, ಆಳಿನ ಕೈ, ಹೀಗೆ ನಮ್ಮ ಕಡೆಗೇ ಬರುತ್ತದೆ.

ಕೋಳಿಗಳಿಗೆ ಕೊಡುತ್ತಿದ್ದ ಕೊಲಿಸ್ಟಿನ್ ಬಗ್ಗೆ 2019ರ ಜುಲೈನಲ್ಲಿ ಸರಕಾರ ಸರಿಯಾದ ಹೆಜ್ಜೆ ಇಟ್ಟಿತು. ಬೇರೆ ಯಾವುದೂ ಕೆಲಸ ಮಾಡದಾಗ ಐಸಿಯುನಲ್ಲಿ ಕೊಡುವ ಮದ್ದು ಅದು. ಅದನ್ನು ಕೋಳಿ ಬೇಗ ದಪ್ಪ ಆಗಲಿ ಅಂತ ಮೇವಿನಲ್ಲಿ ಬೆರೆಸುತ್ತಿದ್ದರು. ಹಾಲು, ಮಾಂಸ, ಮೀನಿಗಾಗಿ ಸಾಕುವ ಎಲ್ಲ ಪ್ರಾಣಿಗಳಿಗೂ ಅದನ್ನು ನಿಷೇಧಿಸಿದರು. ಮೇವಿನಲ್ಲಿ ಕದ್ದು ಬೆರೆಸುತ್ತಾರೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ.

ನಿಷೇಧ ಅಂದರೆ ಸಾಕೇ? ಇದಕ್ಕೆ ಉತ್ತರ ಹುಡುಕಲು ಮುಂಬಯಿಯವರು ದೂರ ಹೋಗಬೇಕಿಲ್ಲ. ಮಲಬಾರ್ ಹಿಲ್ ಹತ್ತಿದರೆ ಸಾಕು.

ಅಲ್ಲಿ ಪಾರ್ಸಿಗಳ ಡುಂಗರವಾಡಿ ಇದೆ. ಹೆಣವನ್ನು ಸುಡದೆ, ಹೂಳದೆ ಗೋಪುರದ ಮೇಲಿಟ್ಟು ರಣಹದ್ದುಗಳಿಗೆ ಒಪ್ಪಿಸುವುದು ಅವರ ಪದ್ಧತಿ. ಮುನ್ನೂರು ವರ್ಷಕ್ಕೂ ಜಾಸ್ತಿ ನಡೆದ ಪದ್ಧತಿ. 1990ರ ದಶಕದಲ್ಲಿ ಹದ್ದುಗಳು ಕಡಿಮೆಯಾದವು, ಆಮೇಲೆ ಬರುವುದೇ ನಿಂತಿತು. ಬಿಸಿಲನ್ನು ಹೆಣದ ಮೇಲೆ ಒಟ್ಟುಗೂಡಿಸುವ ಸೋಲಾರ್ ಕನ್ನಡಿಗಳನ್ನು ತಂದು ಇಡಬೇಕಾಯಿತು. ಮುಂಬಯಿ ಮಳೆಗಾಲದಲ್ಲಿ ಬಿಸಿಲೆಲ್ಲಿ? 2015ರಲ್ಲಿ ವರ್ಲಿಯ ಚಿತಾಗಾರದ ಹತ್ತಿರ ಪ್ರಾರ್ಥನಾ ಮಂದಿರ ಬಂತು, ಕೆಲವು ಕುಟುಂಬಗಳು ದಹನದ ಕಡೆಗೆ ಹೋದವು. ಒಂದು ಸಮುದಾಯದ ಸಾವಿನ ವಿಧಿಯೇ ಬದಲಾಯಿತು. ಕಾರಣ, ದೇಶದ ಹಳ್ಳಿ-ಪಟ್ಟಣಗಳಲ್ಲಿ ದನ-ಎಮ್ಮೆಗಳಿಗೆ ಚುಚ್ಚುತ್ತಿದ್ದ ಒಂದು ನೋವಿನ ಇಂಜೆಕ್ಷನ್.

ಡೈಕ್ಲೋಫಿನಾಕ್. ಸೊಂಟನೋವಿಗೆ ನಾವು ನುಂಗುವ ಅದೇ ಮಾತ್ರೆ. ತೊಂಬತ್ತರ ದಶಕದಲ್ಲಿ ಅಗ್ಗವಾಯಿತು, ದನಗಳಿಗೂ ಕೊಡಲು ಶುರುಮಾಡಿದರು. ಕುಂಟುವ ಎತ್ತು ಎದ್ದು ನಡೆಯುತ್ತಿತ್ತು, ರೈತ ಖುಷಿ. ಆದರೆ ಮದ್ದು ಕೊಟ್ಟ ಒಂದೆರಡು ದಿನದಲ್ಲಿ ದನ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಹೋಗುತ್ತಿತ್ತು. ಸತ್ತ ಹದ್ದಿನ ಹೊಟ್ಟೆ ಕೊಯ್ದರೆ ಅಂಗಾಂಗಗಳ ಮೇಲೆಲ್ಲ ಯೂರಿಕ್ ಆಸಿಡ್ ಸುಣ್ಣ ಬಳಿದಂತೆ ಬಿಳಿಯಾಗಿ ಕೂತಿರುತ್ತಿತ್ತು.

ಹದ್ದುಗಳು ಕಡಿಮೆಯಾದದ್ದನ್ನು ಮೊದಲು ಲೆಕ್ಕ ಇಟ್ಟು ಹೇಳಿದವರು ಮುಂಬಯಿಯ ಸಂಸ್ಥೆಯವರೇ. 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ರಾಜಸ್ಥಾನದ ಭರತಪುರದಲ್ಲಿ ಇದನ್ನು ಗಮನಿಸಿದರು. ಕಾರಣ ಗೊತ್ತಾಗಿದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ. ಅಷ್ಟರಲ್ಲಿ ತಡವಾಗಿತ್ತು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರ ನಡುವೆ ನೂರಕ್ಕೆ 99ಕ್ಕೂ ಜಾಸ್ತಿ ನಾಶವಾಯಿತು. ನೂರು ದನದ ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಮದ್ದಿದ್ದರೂ ಇಷ್ಟು ನಾಶಕ್ಕೆ ಸಾಕು ಅಂತ ಲೆಕ್ಕ ಹಾಕಿದ್ದಾರೆ. ನಿಜವಾಗಿ ನೋಡಿದಾಗ ಸಿಕ್ಕಿದ್ದು ನೂರಕ್ಕೆ ಸುಮಾರು ಹತ್ತು. (ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದ್ದು ಕೂಡ ಇದೇ ಕಥೆಯ ಒಂದು ತುಂಡು.)

ಈಗ ನಿಯಂತ್ರಣದ ವಿಷಯಕ್ಕೆ ಬನ್ನಿ. 2006ರಲ್ಲಿ ಪ್ರಾಣಿಗಳ ಡೈಕ್ಲೋಫಿನಾಕ್ ತಯಾರಿಕೆ ನಿಲ್ಲಿಸಿ ಅಂದರು. 2008ರಲ್ಲಿ ಗೆಜೆಟ್‌ನಲ್ಲಿ ನಿಷೇಧ ಪ್ರಕಟವಾಯಿತು. ಆದರೆ ಮನುಷ್ಯರ ಡೈಕ್ಲೋಫಿನಾಕ್ 30 ಮಿಲೀಲೀಟರಿನ ಬಾಟ್ಲಿಯಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಒಬ್ಬ ಮನುಷ್ಯನಿಗೆ ಒಂದು ಸಲಕ್ಕೆ ಬೇಕಾಗುವುದು 3 ಮಿಲೀಲೀಟರ್. ಉಳಿದದ್ದು ಯಾರಿಗೆ? ಎಲ್ಲರಿಗೂ ಗೊತ್ತಿತ್ತು. ಏಳು ವರ್ಷ ಆ ಬಾಟ್ಲಿ ಹಾಗೇ ಮಾರಾಟವಾಯಿತು. 2015ರ ಜುಲೈನಲ್ಲಿ ಕೊನೆಗೂ, ಮನುಷ್ಯರ ಇಂಜೆಕ್ಷನ್ 3 ಮಿಲೀಲೀಟರಿನ ಒಂದೇ ಡೋಸಿನಲ್ಲಿ ಮಾತ್ರ ಬರಬೇಕು ಅಂತ ಆದೇಶ ಬಂತು. ತಯಾರಕರು ಕೋರ್ಟಿಗೆ ಹೋದರು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು.

ಒಂದು ಚಿಕ್ಕ ಬಾಟ್ಲಿಯಿಂದ ಏನಾಗುತ್ತದೆ ಅಂತ ಕೇಳಬಹುದು. 3 ಮಿಲೀಲೀಟರಿನಲ್ಲಿ ಇರುವುದು 75 ಮಿಲಿಗ್ರಾಂ ಮದ್ದು. ಕಿಲೋಗೆ ಒಂದು ಮಿಲಿಗ್ರಾಂ ಲೆಕ್ಕ ಹಿಡಿದರೂ 450 ಕಿಲೋ ಎಮ್ಮೆಗೆ ಆರು ಆಂಪೂಲ್ ಬೇಕು. ಒಂದೊಂದಾಗಿ ಕತ್ತು ಮುರಿದು, ಸಿರಿಂಜಿಗೆ ಎಳೆದು, ಒದೆಯುವ ಎಮ್ಮೆಯ ಪಕ್ಕದಲ್ಲಿ ಕತ್ತಲಲ್ಲಿ ನಿಂತು ಮಾಡಬೇಕು. ದುಡ್ಡೂ ಜಾಸ್ತಿ. ಪಕ್ಕದಲ್ಲೇ ಹದ್ದಿಗೆ ತೊಂದರೆ ಮಾಡದ ಮೆಲೋಕ್ಸಿಕ್ಯಾಮ್ ದೊಡ್ಡ ಬಾಟ್ಲಿಯಲ್ಲಿ ಅಗ್ಗವಾಗಿ ಸಿಗುತ್ತದೆ. ತಬೇಲದವನಿಗೆ ಹದ್ದಿನ ಮೇಲೆ ಪ್ರೀತಿ ಬರಬೇಕಾಗಿಲ್ಲ. ಅವನಿಗೆ ರಗಳೆ ಬೇಡ, ಅಷ್ಟೇ. ಕಾಗದದ ಮೇಲಿನ ನಿಷೇಧಕ್ಕಿಂತ ಬಾಟ್ಲಿಯ ಸೈಜು ಜಾಸ್ತಿ ಕೆಲಸ ಮಾಡುವಂಥದ್ದು ಅಂತ ನನಗೆ ಅನಿಸುವುದು ಇದಕ್ಕೇ.

ಆದರೆ ಡೈಕ್ಲೋಫಿನಾಕ್ ಹೋದ ಜಾಗಕ್ಕೆ ಮೆಲೋಕ್ಸಿಕ್ಯಾಮ್ ಒಂದೇ ಬರಲಿಲ್ಲ. ಅಸಿಕ್ಲೋಫಿನಾಕ್ ಬಂತು. ಅದು ದನದ ಮೈಯಲ್ಲಿ ಡೈಕ್ಲೋಫಿನಾಕ್ ಆಗಿಯೇ ಬದಲಾಗುತ್ತದೆ, ಅಂದರೆ ಅಂಗಿ ಬದಲಿಸಿದ ಅದೇ ಕಳ್ಳ. ಕೀಟೋಪ್ರೋಫೆನ್, ನಿಮೆಸುಲೈಡ್ ಕೂಡ ಹದ್ದಿಗೆ ವಿಷ. ಮೊದಲೆರಡನ್ನು ಪ್ರಾಣಿಗಳಿಗೆ ನಿಷೇಧಿಸಿದ್ದು 2023ರ ಜುಲೈನಲ್ಲಿ, ನಿಮೆಸುಲೈಡ್ ಅನ್ನು 2024ರ ಡಿಸೆಂಬರ್ ಕೊನೆಗೆ. ಮೊದಲ ಆದೇಶದಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ. ಹೊಸ ನೋವಿನ ಮದ್ದು ದನಗಳಿಗೆ ಮಾರುವ ಮೊದಲು ಹದ್ದಿಗೆ ಏನಾಗುತ್ತದೆ ನೋಡಿ ಲೈಸೆನ್ಸ್ ಕೊಡಿ ಅಂತ ಆಗಲೇ ಒಂದು ನಿಯಮ ಮಾಡಿದ್ದರೆ ಇಷ್ಟು ಓಟ ಬೇಕಾಗಿತ್ತೇ? ಒಂದೊಂದೇ ಮದ್ದಿನ ಹಿಂದೆ ಓಡುವುದು ನಮ್ಮ ಇಲಾಖೆಗಳಿಗೆ ಅಭ್ಯಾಸವಾಗಿ ಹೋಗಿದೆ.

ಹದ್ದು ಸತ್ತರೆ ನಮಗೇನು ಅನ್ನುವವರಿಗೆ ಒಂದು ಲೆಕ್ಕ ಇದೆ. ಇಯಾಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಹದ್ದುಗಳಿದ್ದ ಜಿಲ್ಲೆಗಳನ್ನೂ ಮೊದಲಿಂದಲೂ ಹೆಚ್ಚು ಇಲ್ಲದ ಜಿಲ್ಲೆಗಳನ್ನೂ ಹೋಲಿಸಿ ನೋಡಿದರು. 2024ರಲ್ಲಿ ಪ್ರಕಟವಾದ ಅವರ ಅಂದಾಜಿನ ಪ್ರಕಾರ, 2000ದಿಂದ 2005ರ ಒಳಗೆ ಸುಮಾರು 5 ಲಕ್ಷ ಹೆಚ್ಚುವರಿ ಮನುಷ್ಯರ ಸಾವುಗಳಿಗೆ ಹದ್ದುಗಳ ನಾಶದ ನಂಟಿದೆ. ದನದ ಹೆಣಗಳು ಕೊಳೆತವು, ನೀರು ಕೆಟ್ಟಿತು, ನಾಯಿಗಳು ಹೆಚ್ಚಾದವು, ರೇಬಿಸ್ ಭಯವೂ ಹೆಚ್ಚಿತು. ಅಂದಾಜು ಅಂದಾಜೇ, ಅರ್ಧಕ್ಕೆ ಇಳಿಸಿ ನೋಡಿ ಬೇಕಾದರೆ. ಪಶುಔಷಧದ ಒಂದು ಲೈಸೆನ್ಸ್ ಸಾರ್ವಜನಿಕ ಆರೋಗ್ಯದ ವಿಷಯ ಅಲ್ಲ ಅಂತ ಆಮೇಲೂ ಹೇಳುವುದು ಕಷ್ಟ.

ನಿಷೇಧ ಹಾದಿ ತಪ್ಪಿದ ಕಥೆಯೂ ಇದೆ, ಅದರಲ್ಲಿ ನಮ್ಮ ಬೆಂಗಳೂರೂ ಬರುತ್ತದೆ. ತಬೇಲಗಳಲ್ಲಿ ಕರು ಉಳಿಯುವುದು ಕಡಿಮೆ, ಗಂಡು ಕರುವಂತೂ ಇಲ್ಲವೇ ಇಲ್ಲ ಅನ್ನಬಹುದು. ಕರು ಇಲ್ಲದೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ಹಿಂಡುವ ಮುಂಚೆ ಆಕ್ಸಿಟೋಸಿನ್ ಚುಚ್ಚುತ್ತಾರೆ. ಇದೇ ಆಕ್ಸಿಟೋಸಿನ್ ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲಿಸುವ ಜೀವರಕ್ಷಕ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ, ದೇಶದೊಳಗೆ ಮಾರಲು ಖಾಸಗಿಯವರು ಇದನ್ನು ಮಾಡಲೇಬಾರದು, ಬೆಂಗಳೂರಿನ ಸರಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ಮಾಡಬೇಕು ಅಂತ ಆದೇಶ ಹೊರಡಿಸಿತು. ಇಡೀ ದೇಶದ ಹೆರಿಗೆ ವಾರ್ಡುಗಳು ಒಂದೇ ಫ್ಯಾಕ್ಟರಿಯನ್ನು ನಂಬಿ ಕೂರಬೇಕಾಗಿತ್ತು. 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನನ್ನ ಪ್ರಕಾರ ಸರಿಯಾಗಿಯೇ ಮಾಡಿತು. ತಬೇಲಕ್ಕೆ ಹೋಗುತ್ತಿದ್ದ ಲೇಬಲ್ಲಿಲ್ಲದ ಆಕ್ಸಿಟೋಸಿನ್ ಲೈಸೆನ್ಸ್ ಇರುವವರು ಮಾಡಿದ್ದಲ್ಲ, ಕದ್ದು ಮಾಡಿದ್ದು. ಅದನ್ನು ಹಿಡಿಯಲಾಗದೆ ಬಾಣಂತಿಯರ ಮದ್ದಿನ ಬಾಗಿಲು ಮುಚ್ಚಲು ಹೊರಟಂತಾಯಿತು. ಆಕ್ಸಿಟೋಸಿನ್ ಇರುವ ಹಾಲು ಕುಡಿದರೆ ಹುಡುಗಿಯರು ಬೇಗ ದೊಡ್ಡವರಾಗುತ್ತಾರೆ ಅಂತ ನಮ್ಮ ಮನೆಗಳಲ್ಲಿ ಹೇಳುವುದಿದೆಯಲ್ಲ, ಅದಕ್ಕೂ ಆಧಾರ ಇಲ್ಲ. ಹೊಟ್ಟೆಗೆ ಹೋದರೆ ಜೀರ್ಣವಾಗುವ ವಸ್ತು ಅದು. ಹಿಂಸೆ ಎಮ್ಮೆಗೆ. ದಿನಕ್ಕೆ ಎರಡು ಸಲ, ಹಾಲು ಬತ್ತುವವರೆಗೆ.

ಸರಕಾರಕ್ಕೆ ಕೈಲಾಗುವುದಿಲ್ಲ ಅಂತಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮಹಾರಾಷ್ಟ್ರದಲ್ಲಿ ದನಗಳ ಸಾಗಾಟ, ಸಂತೆ ನಿಲ್ಲಿಸಿದರು, ಪುಕ್ಕಟೆ ಲಸಿಕೆ ಹಾಕಿದರು. ಕಣ್ಣಿಗೆ ಕಾಣುವ ರೋಗಕ್ಕೆ 2009ರ ಕಾಯ್ದೆ ಇದೆ, ಸಿಬ್ಬಂದಿ ಇದ್ದಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಹಾಲಿನಲ್ಲಿ ಉಳಿದ ಮದ್ದಿನ ಫೋಟೋ ಯಾರು ತೆಗೆಯುತ್ತಾರೆ?

ಮುಂಬಯಿಯ ಆರೆ ಕಾಲೋನಿ ಶುರುವಾಗಿದ್ದು 1949ರಲ್ಲಿ. ಊರೊಳಗಿನ ತಬೇಲಗಳನ್ನು ಹೊರಗೆ, ಒಂದು ಕಡೆ ತಂದರೆ ಎಮ್ಮೆಗಳ ಆರೋಗ್ಯ ನೋಡಿಕೊಳ್ಳಬಹುದು, ಊರೂ ಚೊಕ್ಕವಾಗುತ್ತದೆ ಅನ್ನುವುದು ಆಗಿನ ಯೋಚನೆ. ಎಪ್ಪತ್ತೈದು ವರ್ಷದ ಹಿಂದೆ ಮುಂಬಯಿಯವರು ಎಮ್ಮೆಯ ಆರೋಗ್ಯ, ಊರಿನ ಆರೋಗ್ಯ ಎರಡನ್ನೂ ಒಟ್ಟಿಗೇ ಯೋಚಿಸಿದ್ದರು. ಈಗ ಬೇಕಾಗಿರುವುದೂ ದೊಡ್ಡದೇನಲ್ಲ. ತಬೇಲದ ಹಾಲು ಹೊರಡುವ ಜಾಗದಲ್ಲೇ, ಮದ್ದು ಉಳಿದಿದೆಯೋ ಅಂತ ನೋಡುವ ಹತ್ತು ನಿಮಿಷದ ಸ್ಟ್ರಿಪ್ ಪರೀಕ್ಷೆ. ಕಾಯಿಲೆ ಎಮ್ಮೆಯ ಹಾಲು ಚೆಲ್ಲಿದವನಿಗೆ ವಿಮೆಯಿಂದಲೋ ಸಂಘದಿಂದಲೋ ಅರ್ಧ ದುಡ್ಡು. ಆ 4,480 ರೂಪಾಯಿಯ ಲೆಕ್ಕಕ್ಕೆ ಉತ್ತರ ಕೊಡದೆ ಎಷ್ಟು ನಿಯಮ ಬರೆದರೂ ಅವನು ಕ್ಯಾನ್ ಬದಲಿಸುವುದಿಲ್ಲ. ಬಿಜಾಪುರದ ಡಾಕ್ಟರರಿಗೆ ಇದನ್ನು ಹೇಳಿದಾಗ “ಬರೀರಿ, ಬರೀರಿ, ಬರಿಯೂದಕ್ಕೇನ್ ಕಡಿಮಿ ಆಗೇತಿ” ಅಂದರು.

ಭಟ್ರು ಮಾತ್ರ ಯಾರಿಗೂ ಕಾಯಲಿಲ್ಲ. ಈಗ ತಬೇಲದಿಂದ ಮೂರು ಕ್ಯಾನ್ ಬಂದರೆ ಮೂರು ಸ್ಟೀಲ್ ಲೋಟ ಬೇರೆ ಇಡುತ್ತಾರೆ. ಪ್ರತಿ ಕ್ಯಾನಿನ ಹಾಲು ಒಂದೊಂದು ಲೋಟಕ್ಕೆ ಹಾಕಿ, ಹೆಪ್ಪು ಬೆರೆಸಿ, ಮೇಲೆ ಚಾಕ್‌ಪೀಸಿನಿಂದ ಒಂದು, ಎರಡು, ಮೂರು ಅಂತ ಬರೆಯುತ್ತಾರೆ. ಉತ್ತರ ಬರುವಷ್ಟರಲ್ಲಿ ಆ ಹಾಲು ಕಾಫಿ, ಚಹಾ ಆಗಿ ಖಾಲಿಯಾಗಿರುತ್ತದೆ, ಅದು ಅವರಿಗೂ ಗೊತ್ತು. ಆದರೂ ಮರುದಿನ ಹಾಲು ತರುವ ಭೈಯಾ ಕ್ಯಾನ್ ಇಳಿಸುವಾಗ ನೀರಾಗಿ ನಿಂತ ಲೋಟವನ್ನು ಅವನ ಮುಂದೆ ತಂದಿಡುತ್ತಾರೆ, ಏನೂ ಮಾತಾಡುವುದಿಲ್ಲ. ಹೋದ ತಿಂಗಳು ಒಂದು ದಿನ ಭೈಯಾ ತಾನೇ ಬಂದು, ಇವತ್ತು ಎರಡೇ ಕ್ಯಾನ್, ಒಂದು ಎಮ್ಮೆಗೆ ಹುಷಾರಿಲ್ಲ ಅಂದನಂತೆ.